ಹಾವನ್ನು ಮುಟ್ಟುವ ಮೊದಲು

ಕಳೆದ ಮಳೆಗಾಲದಲ್ಲಿ ಬಸವಕಲ್ಯಾಣದಲ್ಲಿ ನಮ್ಮ ಮಾತುಕತೆ ಕಾರ್ಯಕ್ರಮದ ಒಂದು ಕಂತನ್ನು ಚಿತ್ರೀಕರಿಸಿದೆವು. ವಿಷಯ: ಹೊಲ, ಮನೆ ಮತ್ತು ಹಾವು. ವೈದ್ಯರೊಬ್ಬರು ಮತ್ತು ಅರಣ್ಯ ಇಲಾಖೆಯವರೊಬ್ಬರು ಮಾತನಾಡಿದರು. ಎದುರಿಗೆ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಹಳ್ಳಿಗಳಿಂದ ಬಂದ ರೈತರು, ಗೃಹಿಣಿಯರು, ವಿದ್ಯಾರ್ಥಿಗಳು ಕುಳಿತಿದ್ದರು. ಕೊನೆಯ ಐದು ನಿಮಿಷ ಪ್ರಶ್ನೆಗಳಿಗೆ ಮೀಸಲು. ಪಿ.ಯು.ಸಿ. ಓದುವ ಹುಡುಗನೊಬ್ಬ ಎದ್ದು ನಿಂತು, "ಸರ್, ಹಾವು ಹೊಡೀಬ್ಯಾಡ್ರಿ ಅಂತ ಹೇಳ್ತೀರಿ. ಹೊಡೀದೆ ಇದ್ರ ಮನ್ಯಾಗ ಬಂದದ್ದು ಯಾರ್ ಹಿಡೀಬೇಕ್ರಿ? ನಮಗ ಹಿಡಿಯೋದು ಕಲಸ್ರಿ" ಎಂದ. ತಾನು ಈಗಾಗಲೇ ಎರಡು ಕೇರೆ ಹಾವು ಹಿಡಿದು ಹಳ್ಳದ ಕಡೆ ಬಿಟ್ಟು ಬಂದಿದ್ದೇನೆ ಎಂದೂ ಸೇರಿಸಿದ. ಸಭೆಯಲ್ಲಿ ಚಪ್ಪಾಳೆ ಬಿತ್ತು.

ನನ್ನ ಗಡಿಯಾರದಲ್ಲಿ ಉಳಿದಿದ್ದುದು ಒಂದೂವರೆ ನಿಮಿಷ. ತರಬೇತಿ ಪಡೆದವರನ್ನು ಕರೆಯಬೇಕು ಎಂಬ ಉತ್ತರ ಬಂತು, ಕಾರ್ಯಕ್ರಮ ಮುಗಿಯಿತು. ಉತ್ತರ ಸರಿಯಾಗಿಯೇ ಇತ್ತು. ಆದರೆ ಹುಡುಗನಿಗೆ ಅದು ಸಾಲಲಿಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ಪರದೆಯ ಮೇಲೆ ಹೇಳಲಾಗದೆ ಉಳಿದ ಮಾತನ್ನು ಈ ಪುಟಗಳಲ್ಲಿ ಹೇಳುತ್ತೇನೆ. ಅವನ ವಯಸ್ಸಿಗಿಂತ ಸ್ವಲ್ಪ ದೊಡ್ಡವನಾಗಿದ್ದಾಗ ನಾನೂ ಅವನು ನಿಂತ ಜಾಗದಲ್ಲೇ ನಿಂತಿದ್ದೆ.

ನನ್ನ ಮೊದಲ ಹಾವು, ಎರಡನೆಯ ಹಾವು

ಆಗ ನಾನು ಬಿ.ಎಸ್ಸಿ. ವಿದ್ಯಾರ್ಥಿ, ಪ್ರಾಣಿಶಾಸ್ತ್ರ ನನ್ನ ಮೆಚ್ಚಿನ ವಿಷಯ. ರಜೆಯಲ್ಲಿ ಹುಮನಾಬಾದ್ ಕಡೆಯ ನಮ್ಮ ಕಾಕಾನ ಹೊಲಕ್ಕೆ ಹೋಗಿದ್ದೆ. ಜೋಳದ ಕಣಿಕೆಯ ಬಣವೆ ಬಿಚ್ಚುವಾಗ ಒಳಗಿನಿಂದ ಆರಡಿ ಉದ್ದದ ಕೇರೆ ಹಾವು ಹೊರಬಂತು. ಆಳುಗಳು ಬಡಿಗೆ ಹುಡುಕಿದರು. ನಾನು ಪುಸ್ತಕದ ಧೈರ್ಯದಿಂದ ಓಡಿ ಹೋಗಿ ಅದರ ಬಾಲ ಹಿಡಿದೆ, ಇನ್ನೊಂದು ಕೈಯನ್ನು ನಡುವಿಗೆ ಹಾಕಿದೆ. ಅದು ತಿರುಗಿ ನನ್ನ ಮುಂಗೈಗೆ ಕಚ್ಚಿತು. ಮುಳ್ಳು ಗೀರಿದಂತೆ ಸಾಲಾಗಿ ಸಣ್ಣ ಗಾಯಗಳು, ನಾಲ್ಕು ಹನಿ ರಕ್ತ, ಅಷ್ಟೇ. ಕೇರೆಗೆ ವಿಷವಿಲ್ಲ.

ಹಾವಿನ ಮೈ ಜಿಗುಟು ಎಂದು ಅಂದುಕೊಂಡಿದ್ದೆ. ಅದು ಒಣಗಿತ್ತು, ತಂಪಾಗಿತ್ತು, ನಯವಾಗಿತ್ತು. ಹುರುಪೆಗಳ ಕೆಳಗೆ ಉದ್ದಕ್ಕೂ ಸ್ನಾಯುಗಳು ಅಲೆಯಂತೆ ಹರಿಯುವುದು ಅಂಗೈಗೆ ತಿಳಿಯುತ್ತಿತ್ತು. ಹೆದರಿದ ಹಾವು ಬಾಲದ ಬುಡದಿಂದ ಬಿಟ್ಟ ದುರ್ವಾಸನೆ ಎರಡು ದಿನ ಕೈಬಿಡಲಿಲ್ಲ. ಅದನ್ನು ಬದುವಿನಾಚೆ ಬಿಟ್ಟು ಬಂದಾಗ ನನಗೆ ಆದ ಸಂತೋಷವನ್ನು ಇಂದಿಗೂ ಅಲ್ಲಗಳೆಯುವುದಿಲ್ಲ. ಸಂಜೆಯ ಹೊತ್ತಿಗೆ ಊರಿನಲ್ಲಿ ನಾನು 'ಹಾವು ಹಿಡಿಯೋ ಹುಡುಗ' ಆಗಿದ್ದೆ.

ಹೆಸರು ಬಂದ ಮೇಲೆ ಕರೆಯೂ ಬರುತ್ತದೆ. ಕೆಲವು ದಿನಗಳ ನಂತರ ಪಕ್ಕದ ಮನೆಯ ಬಚ್ಚಲಲ್ಲಿ ಎರಡಡಿಯ ಕಪ್ಪು ಹಾವು, ಮೈಮೇಲೆ ತೆಳುವಾದ ಬಿಳಿ ಪಟ್ಟೆಗಳು. ಲಾಟೀನಿನ ಬೆಳಕಿನಲ್ಲಿ ನೋಡಿ, "ಇದು ತೋಳದ ಹಾವು, ವಿಷ ಇಲ್ಲ" ಎಂದು ಘೋಷಿಸಿ ಕೈ ಚಾಚಿದೆ. "ಏ ತಮ್ಮಾ, ಕೈ ತಗಿ!" ಎಂದು ಕಾಕಾ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದರು. ಅಷ್ಟರಲ್ಲಿ ಇನ್ನೊಬ್ಬರು ಅದನ್ನು ಹೊಡೆದು ಕೊಂದರು, ನಾನು ತಡೆಯಲಿಲ್ಲ. ಮರುದಿನ ಸತ್ತ ಹಾವನ್ನು ಡಬ್ಬಿಯಲ್ಲಿಟ್ಟುಕೊಂಡು ಕಾಲೇಜಿಗೆ ಹೋದೆ. ನಮ್ಮ ಅಧ್ಯಾಪಕರು ಇಕ್ಕಳದಿಂದ ಅದರ ಬೆನ್ನು ತಿರುಗಿಸಿ, ನಡುಬೆನ್ನಿನ ಸಾಲಿನಲ್ಲಿದ್ದ ದೊಡ್ಡ ಆರುಮೂಲೆಯ ಹುರುಪೆಗಳನ್ನು ತೋರಿಸಿ, "ಇದು ಕಟ್ಟುಹಾವು. ನೀನು ಮುಟ್ಟಿದ್ದರೆ ಇವತ್ತು ನಮ್ಮ ಕಾಲೇಜಿಗೆ ರಜೆ" ಎಂದರು.

ನನ್ನ ತಪ್ಪು ಎಲ್ಲಿತ್ತು? ತೋಳದ ಹಾವಿನ ಪಟ್ಟೆಗಳು ಕತ್ತಿನ ಹತ್ತಿರ ಎದ್ದು ಕಂಡು ಬಾಲದ ಕಡೆ ಮಸುಕಾಗುತ್ತವೆ. ಕಟ್ಟುಹಾವಿನಲ್ಲಿ ತಲೆಯಿಂದ ಸ್ವಲ್ಪ ದೂರ ಪಟ್ಟೆಗಳೇ ಇರದೆ, ಹಿಂದಕ್ಕೆ ಹೋದಂತೆ ಜೋಡಿ ಜೋಡಿಯಾಗಿ ಸ್ಪಷ್ಟವಾಗುತ್ತವೆ. ಈ ವ್ಯತ್ಯಾಸ ಪುಸ್ತಕದಲ್ಲಿ ಸುಲಭ. ಅರೆಗತ್ತಲಲ್ಲಿ, ಸುತ್ತಿಕೊಂಡು ಮಲಗಿದ ಹಾವಿನಲ್ಲಿ, ಸುತ್ತಲೂ ಹತ್ತು ಜನ ಕೂಗುತ್ತಿರುವಾಗ ಅದು ಸುಲಭವಲ್ಲ. ಮೊದಲ ಹಾವು ಕೊಟ್ಟ ಧೈರ್ಯವೇ ಎರಡನೆಯದನ್ನು ಸರಿಯಾಗಿ ನೋಡದಂತೆ ಮಾಡಿತ್ತು. ಸತ್ತ ಹಾವನ್ನು ಡಬ್ಬಿಗೆ ತುಂಬಿದ್ದೂ ಅವಿವೇಕವೇ. ಸತ್ತ ಮೇಲೂ, ತಲೆ ಕತ್ತರಿಸಿದ ಮೇಲೂ ಕೆಲಹೊತ್ತು ಹಾವಿನ ದವಡೆ ತಾನಾಗಿ ಕಚ್ಚಬಲ್ಲದು.

ನಮ್ಮ ನೆಲದ ನಾಲ್ವರು

ಬೀದರ್ ಜಿಲ್ಲೆಯ ಈ ಭಾಗದಲ್ಲಿ ಕೆಂಪು ಜಂಬಿಟ್ಟಿಗೆ ಮಣ್ಣೂ ಇದೆ, ಬೇಸಿಗೆಯಲ್ಲಿ ಬಿರುಕುಬಿಡುವ ಕಪ್ಪು ಎರೆಮಣ್ಣೂ ಇದೆ. ತೊಗರಿ, ಉದ್ದು, ಹೆಸರು, ಸೋಯಾ, ಜೋಳ, ಕಬ್ಬು ಬೆಳೆಯುವ ಹೊಲಗಳಲ್ಲಿ ಇಲಿಗೆ ಕೊರತೆಯಿಲ್ಲ. ಇಲಿ ಇದ್ದಲ್ಲಿ ಹಾವು ಇದ್ದೇ ಇರುತ್ತದೆ. ಹಳೆಯ ಕೋಟೆಗೋಡೆಯ ಸಂದು, ಹೊಲದ ಕಲ್ಲೊಡ್ಡು, ಕಟ್ಟಿಗೆಯ ರಾಶಿ, ಬಣವೆ ಇವೆಲ್ಲ ಅವುಗಳ ಮನೆ. ಭಾರತದಲ್ಲಿ ಹಾವು ಕಚ್ಚಿ ಆಗುವ ಸಾವುಗಳಲ್ಲಿ ಹೆಚ್ಚಿನವಕ್ಕೆ ನಾಲ್ಕು ಜಾತಿಗಳು ಕಾರಣ. ಆ ನಾಲ್ಕನ್ನಾದರೂ ನಾವು ಗುರುತಿಸಬೇಕು.

ನಾಗರ ಹಾವನ್ನು ಹೆಡೆಯಿಂದ ಎಲ್ಲರೂ ಬಲ್ಲರು. ಆದರೆ ಹೆಡೆ ಬಿಚ್ಚದೆ ಹರಿದುಹೋಗುವ ನಾಗರವನ್ನು ಕೇರೆ ಎಂದು ತಿಳಿದವರೂ ಇದ್ದಾರೆ. ಕೊಳಕುಮಂಡಲ ದಪ್ಪ ಮೈಯದು. ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಕಂದು ಮಚ್ಚೆಗಳು. ರೇಗಿದರೆ ಪ್ರೆಷರ್ ಕುಕ್ಕರಿನಂತೆ ಬುಸುಗುಡುತ್ತದೆ. ಗರಗಸ ಮಂಡಲ ಒಂದೂವರೆ ಅಡಿಯ ಆಸುಪಾಸಿನ ಸಣ್ಣ ಹಾವು. ಒಣ ಕಲ್ಲುನೆಲವೇ ಅದಕ್ಕೆ ಇಷ್ಟ. ಮೈಯನ್ನು ಮೈಗೆ ತಿಕ್ಕಿ ಗರಗಸದಂತೆ ಸದ್ದು ಮಾಡುತ್ತದೆ. ಸಣ್ಣದೆಂದು ಮಕ್ಕಳು ಕಡ್ಡಿಯಿಂದ ಕೆದಕುವುದು ಇದನ್ನೇ. ನಾಲ್ಕನೆಯದು ಕಟ್ಟುಹಾವು: ಹಗಲು ಸೌಮ್ಯ, ರಾತ್ರಿ ಸಂಚಾರಿ. ನೆಲದ ಮೇಲೆ ಮಲಗಿದವರನ್ನು ಇದು ಕಚ್ಚಿದಾಗ ಎಷ್ಟೋ ಸಲ ನೋವೂ ಇಲ್ಲ, ಊತವೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಇಳಿಬೀಳುವುದು, ಮಾತು ತೊದಲುವುದು ಶುರುವಾದಾಗ ಮನೆಯವರಿಗೆ ಕಾರಣವೇ ಹೊಳೆಯುವುದಿಲ್ಲ.

ನಮ್ಮ ಗಡಿಯ ಊರುಗಳಲ್ಲಿ ಮರಾಠಿ ಹೆಸರುಗಳೂ ಬಳಕೆಯಲ್ಲಿವೆ. ಕಟ್ಟುಹಾವಿಗೆ ಮಣ್ಯಾರ, ಕೊಳಕುಮಂಡಲಕ್ಕೆ ಘೋಣಸ, ಗರಗಸ ಮಂಡಲಕ್ಕೆ ಫುರಸೆ, ಕೇರೆಗೆ ಧಾಮಣ ಎನ್ನುತ್ತಾರೆ. ಒಬ್ಬರು ಒಂದು ಹೆಸರು ಹೇಳಿ ಇನ್ನೊಬ್ಬರು ಬೇರೆ ಹಾವನ್ನು ತಿಳಿದುಕೊಂಡರೆ ಅಪಾಯ. ಆದುದರಿಂದ ಎರಡೂ ಭಾಷೆಯ ಹೆಸರು ಗೊತ್ತಿದ್ದರೆ ಒಳ್ಳೆಯದು.

ಕೈಯಿಂದ ಹಿಡಿಯುವುದು ಏಕೆ ಬೇಡ

ವಿಷದ ಗ್ರಂಥಿ ಎಂದರೆ ಮಾರ್ಪಟ್ಟ ಜೊಲ್ಲಿನ ಗ್ರಂಥಿ. ಬೇಟೆಯನ್ನು ಹಿಡಿಯಲು ಮತ್ತು ಜೀರ್ಣಿಸಿಕೊಳ್ಳಲು ಹಾವಿಗೆ ಅದು ಬೇಕು. ನಮ್ಮಂಥ ದೊಡ್ಡ ಪ್ರಾಣಿಯ ಮೇಲೆ ಅದನ್ನು ವ್ಯಯಮಾಡುವುದರಿಂದ ಹಾವಿಗೆ ಲಾಭವಿಲ್ಲ. ದಾರಿ ಸಿಕ್ಕರೆ ಅದು ಹೋಗುತ್ತದೆ. ಹಿಡಿದಾಗ ಮಾತ್ರ ಅದಕ್ಕೆ ಬೇರೆ ದಾರಿ ಉಳಿಯುವುದಿಲ್ಲ. ಹಾವು ಎರಗಿ ಹಿಂದೆ ಸರಿಯಲು ಸೆಕೆಂಡಿನ ಒಂದು ಅಂಶ ಸಾಕು. ಕಣ್ಣು ಕಂಡು, ಮೆದುಳು ತಿಳಿದು, ಕೈ ಹಿಂದೆಳೆಯುವಷ್ಟರಲ್ಲಿ ಕಚ್ಚಿ ಆಗಿರುತ್ತದೆ.

ಸಿನಿಮಾದಲ್ಲಿ ತೋರಿಸುವಂತೆ ಕತ್ತು ಹಿಡಿದರೆ ಆಯಿತಲ್ಲ ಎನ್ನುವಿರಾ? ಮಂಡಲದ ಹಾವುಗಳ ವಿಷದ ಹಲ್ಲುಗಳು ಉದ್ದವಾಗಿದ್ದು ಮಡಚಿ ತೆರೆಯುವಂಥವು. ಕತ್ತು ಹಿಡಿದಾಗಲೂ ಹಲ್ಲನ್ನು ಪಕ್ಕಕ್ಕೆ ತಿರುಗಿಸಿ, ತನ್ನದೇ ಕೆಳದವಡೆಯ ಮೂಲಕ ಹಿಡಿದವನ ಬೆರಳಿಗೆ ಚುಚ್ಚಬಲ್ಲವು. ತೆಳುವಾದ ಬಟ್ಟೆಯ ಚೀಲದ ಮೂಲಕವೂ ಚುಚ್ಚಬಲ್ಲವು. ಹಾವಿಗೂ ಇದು ಹಿಂಸೆಯೇ. ಅದರ ಕತ್ತಿನ ಮೂಳೆಗಳು ಸೂಕ್ಷ್ಮ. ಕೋಲಿನಿಂದ ಅದುಮಿದರೆ ಅಥವಾ ಇಕ್ಕಳದಿಂದ ಬಿಗಿದರೆ ಒಳಗೇ ಗಾಯವಾಗಿ, ಬಿಟ್ಟ ಹಾವು ಪೊದೆಯೊಳಗೆ ಸಾಯುತ್ತದೆ.

ತಿಳಿದವರು ಹಿಡಿಯುವ ರೀತಿಯೇ ಬೇರೆ. ತುದಿ ಬಾಗಿದ ಕೊಕ್ಕೆಕೋಲಿನಿಂದ ಹಾವಿನ ಮೈಗೆ ಆಧಾರ ಕೊಡುತ್ತಾರೆ. ಕಪ್ಪು ಚೀಲದ ಬಾಯಿಗೆ ಕೊಳವೆ ಕಟ್ಟಿ ನೆಲದ ಮೇಲೆ ಇಡುತ್ತಾರೆ. ಹೆದರಿದ ಹಾವು ಕತ್ತಲೆಯ ಬಿಲ ಹುಡುಕುತ್ತದೆ. ಕೊಳವೆ ಕಂಡರೆ ತಾನೇ ಒಳಗೆ ಹೋಗುತ್ತದೆ. ಚೀಲದ ಬಾಯಿ ಕಟ್ಟಿದರೆ ಕೆಲಸ ಮುಗಿಯಿತು. ಚೆನ್ನಾಗಿ ನಡೆದ ಇಂಥ ಕೆಲಸದಲ್ಲಿ ಯಾರ ಕೈಯೂ ಹಾವಿಗೆ ತಾಗುವುದಿಲ್ಲ, ನೋಡುವವರಿಗೆ ವಿಶೇಷವೇನೂ ಕಾಣುವುದಿಲ್ಲ. ಹಿಡಿದ ಹಾವನ್ನು ದೂರದ ಕಾಡಿಗೆ ಒಯ್ಯದೆ ಹತ್ತಿರದ ತಕ್ಕ ಜಾಗದಲ್ಲೇ ಬಿಡುವುದು ಸರಿ. ಅಪರಿಚಿತ ನೆಲದಲ್ಲಿ ಬಿಲ, ನೀರು, ಬೇಟೆಯ ಜಾಗ ತಿಳಿಯದ ಹಾವು ಅಲೆದಾಡುತ್ತದೆ. ಆಗುಂಬೆಯ ಕಡೆ ಕಾಳಿಂಗ ಸರ್ಪಗಳಿಗೆ ರೇಡಿಯೋ ಸಾಧನ ಅಳವಡಿಸಿ ಹಿಂಬಾಲಿಸಿದ ಸಂಶೋಧಕರೂ ಇದನ್ನೇ ಕಂಡರು.

ಇಷ್ಟಲ್ಲದೆ ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಾವನ್ನು ಕೊಲ್ಲುವುದು, ಹಿಡಿದು ಇಟ್ಟುಕೊಳ್ಳುವುದು, ಆಡಿಸುವುದು ಅಪರಾಧ. 2022ರ ತಿದ್ದುಪಡಿಯಲ್ಲಿ ನಾಗರ, ಕೊಳಕುಮಂಡಲ, ಕೇರೆಯಂಥ ಹಾವುಗಳನ್ನು ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ.

ತಲೆಮಾರುಗಳ ವಿದ್ಯೆ

ಕೈಯಲ್ಲಿ ಹಿಡಿಯುವವರು ಇಲ್ಲವೇ? ಇದ್ದಾರೆ. ತಮಿಳುನಾಡಿನ ಇರುಳರು ನೆಲದ ಮೇಲಿನ ಮಸುಕಾದ ಗುರುತು, ಬಿಲದ ಬಾಯಿಯ ಹೊಳಪು, ಬಿದ್ದ ಪೊರೆಯ ಚೂರು ನೋಡಿ ಒಳಗಿರುವ ಹಾವು ಯಾವುದೆಂದು ಹೇಳಬಲ್ಲರು. ಮಕ್ಕಳು ಹಿರಿಯರ ಹಿಂದೆ ವರ್ಷಗಟ್ಟಲೆ ನಡೆದು ಇದನ್ನು ಕಲಿಯುತ್ತಾರೆ. ಹಿಂದೆ ಅವರು ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದರು. ಚರ್ಮದ ವ್ಯಾಪಾರ ನಿಂತ ಮೇಲೆ, ಮದರಾಸಿನಲ್ಲಿ ಹಾವಿನ ಉದ್ಯಾನ ಕಟ್ಟಿದ ರಾಮ್ಯುಲಸ್ ವಿಟೇಕರ್ ಅವರ ನೆರವಿನಿಂದ 1978ರಲ್ಲಿ ಅವರದೇ ಸಹಕಾರ ಸಂಘ ಹುಟ್ಟಿತು. ಅನುಮತಿ ಪಡೆದು ಹಿಡಿದ ಹಾವಿನಿಂದ ಕೆಲವು ವಾರಗಳ ಅವಧಿಯಲ್ಲಿ ವಿಷ ತೆಗೆದು, ಗುರುತು ಮಾಡಿ, ಮತ್ತೆ ಬಿಡುತ್ತಾರೆ. ದೇಶದ ವಿಷಮದ್ದಿಗೆ ಬೇಕಾದ ವಿಷದ ಬಹುಭಾಗ ಬಹುಕಾಲದಿಂದ ಬರುತ್ತಿರುವುದು ಇಲ್ಲಿಂದಲೇ. 2023ರಲ್ಲಿ ಈ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ ಪದ್ಮಶ್ರೀ ಸಂದಿತು.

ಆ ವಿಷವನ್ನು ಅತಿ ಸಣ್ಣ ಪ್ರಮಾಣದಲ್ಲಿ ಕುದುರೆಗೆ ಚುಚ್ಚುತ್ತಾರೆ. ಕುದುರೆಯ ರಕ್ತದಲ್ಲಿ ವಿಷವನ್ನು ಎದುರಿಸುವ ಪ್ರತಿಕಾಯಗಳು ಬೆಳೆಯುತ್ತವೆ. ಅವುಗಳನ್ನು ಬೇರ್ಪಡಿಸಿ ಶುದ್ಧಗೊಳಿಸಿದರೆ ವಿಷಮದ್ದು ಸಿದ್ಧ. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ 19ನೇ ಶತಮಾನದ ಕೊನೆಯಲ್ಲಿ ತೋರಿಸಿಕೊಟ್ಟ ದಾರಿ ಇದು. ನಮ್ಮ ದೇಶದ ಮದ್ದು ಮೇಲೆ ಹೇಳಿದ ನಾಲ್ಕೂ ಹಾವುಗಳ ವಿಷಕ್ಕೆ ಒಟ್ಟಿಗೆ ತಯಾರಾದದ್ದು. ಆದ್ದರಿಂದ ಕಚ್ಚಿದ ಹಾವನ್ನು ಹಿಡಿದೋ ಹೊಡೆದೋ ಆಸ್ಪತ್ರೆಗೆ ಒಯ್ಯುವ ಅಗತ್ಯವಿಲ್ಲ. ಹಾಗೆ ಮಾಡಲು ಹೋಗಿ ಎರಡನೆಯವರೂ ಕಚ್ಚಿಸಿಕೊಂಡ ಉದಾಹರಣೆಗಳಿವೆ.

ಒಂದು ಕಡಿತಕ್ಕೆ ಒಂದು ಸೀಸೆ ಮದ್ದು ಸಾಲದು. ಹತ್ತು, ಇಪ್ಪತ್ತು ಬೇಕಾಗಬಹುದು. ಆಟಕ್ಕೆಂದು ಹಾವು ಹಿಡಿದು ಕಚ್ಚಿಸಿಕೊಂಡವನು ಬಳಸುವ ಆ ಸೀಸೆಗಳು, ಅದೇ ರಾತ್ರಿ ಹೊಲದಿಂದ ಬರುವ ಇನ್ನೊಬ್ಬ ತಾಯಿಗೂ ಬೇಕಾಗಿರಬಹುದು.

ಸಾವಿನ ಲೆಕ್ಕ

2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಹೆಚ್ಚಿನವರು ಹಳ್ಳಿಯವರು, ಅರ್ಧದಷ್ಟು ಸಾವು ಮಳೆಗಾಲದಲ್ಲಿ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾವಿನ ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಮರುತಿಂಗಳು ಕೇಂದ್ರವೂ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಹೊರತಂದಿತು; 2030ರೊಳಗೆ ಸಾವುಗಳನ್ನು ಅರ್ಧಕ್ಕೆ ಇಳಿಸುವುದು ಅದರ ಗುರಿ.

ಹಾವು ಕಚ್ಚಿದರೆ ಮಾಡಬೇಕಾದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ಕುಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗದಿಂದ ಬಿಗಿಯಾಗಿ ಕಟ್ಟಬೇಡಿ, ಬೇರು ಎಲೆ ಅರೆದು ಕುಡಿಸಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲನ್ನು ಮುರಿದ ಮೂಳೆಯಂತೆ ಅಲುಗಾಡದೆ ಇರಿಸಿ, ರೋಗಿಯನ್ನು ನಡೆಸದೆ, 108ಕ್ಕೆ ಕರೆಮಾಡಿ ಅಥವಾ ಸಿಕ್ಕ ವಾಹನದಲ್ಲಿ ವಿಷಮದ್ದು ಇರುವ ಆಸ್ಪತ್ರೆಗೆ ಒಯ್ಯಿರಿ. ಕಚ್ಚಿದ ಸಮಯ ನೆನಪಿಡಿ.

ಮಂತ್ರದಿಂದ ಬದುಕಿದವರಿಲ್ಲವೇ ಎಂದು ಸಭೆಯಲ್ಲಿ ಅಜ್ಜಿಯೊಬ್ಬರು ಕೇಳಿದರು. ಬದುಕಿದವರಿದ್ದಾರೆ. ನಮ್ಮಲ್ಲಿ ಕಚ್ಚುವ ಹಾವುಗಳಲ್ಲಿ ವಿಷವಿಲ್ಲದವೇ ಬಹಳ. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಬರಿದೇ ಕಚ್ಚುತ್ತದೆ. ಅವರು ಮಂತ್ರವಿಲ್ಲದೆಯೂ ಬದುಕುತ್ತಿದ್ದರು. ನಿಜವಾಗಿ ವಿಷ ಇಳಿದವರ ಮಟ್ಟಿಗೆ ಮಂತ್ರ ಕಳೆಯುವುದು ಸಮಯವನ್ನು.

ನಾನು ಕತ್ತರಿಸಿದ ಎರಡು ನಿಮಿಷ

ಒಂದು ತಪ್ಪೊಪ್ಪಿಗೆ ಉಳಿದಿದೆ. ಆ ದಿನದ ಚಿತ್ರೀಕರಣದ ನಂತರ ಸ್ಥಳೀಯರೊಬ್ಬರು ತಾವು ಹಿಡಿದಿದ್ದ ನಾಗರ ಹಾವನ್ನು ಬಿಡಲು ಹೊರಟಿದ್ದರು. ನಾವೂ ಕ್ಯಾಮೆರಾ ಹೊತ್ತು ಹೋದೆವು. ಕ್ಯಾಮೆರಾ ಕಂಡ ಮೇಲೆ ಅವರು ಡಬ್ಬಿಯ ಬಾಯಿ ತೆರೆದು ಸುಮ್ಮನೆ ಹಿಂದೆ ಸರಿಯಲಿಲ್ಲ. ಬಾಲ ಹಿಡಿದು ಎತ್ತಿದರು, ಹೆಡೆಯ ಮುಂದೆ ಅಂಗೈ ಆಡಿಸಿದರು. ಸುತ್ತ ನಿಂತ ಹುಡುಗರು ಮೊಬೈಲು ತೆಗೆದರು. ಅವರಲ್ಲಿ ಪ್ರಶ್ನೆ ಕೇಳಿದ ಆ ಹುಡುಗನೂ ಇದ್ದ. ಎಲ್ಲರಿಗಿಂತ ಹತ್ತಿರ ನಿಂತಿದ್ದ. ಅವರನ್ನು ನಾನು ದೂರುವುದಿಲ್ಲ. ನಾವು ಹೋಗದಿದ್ದರೆ ಅವರು ಹಾಗೆ ಮಾಡುತ್ತಿರಲಿಲ್ಲವೇನೋ.

ಸಂಕಲನದ ಮೇಜಿನ ಮೇಲೆ ಆ ಎರಡು ನಿಮಿಷವೇ ಇಡೀ ಕಂತಿನ ಅತ್ಯುತ್ತಮ ದೃಶ್ಯವಾಗಿತ್ತು. ಇಟ್ಟರೆ ಜನ ಕಣ್ಣು ಕೀಳದೆ ನೋಡುತ್ತಾರೆ ಎಂದು ಸಹೋದ್ಯೋಗಿಗಳು ವಾದಿಸಿದರು, ಅದು ನಿಜವೇ. ಆದರೆ ವೈದ್ಯರ ಹತ್ತು ನಿಮಿಷದ ಮಾತನ್ನು ಆ ಎರಡು ನಿಮಿಷ ಅಳಿಸಿಹಾಕುತ್ತಿತ್ತು. ಕತ್ತರಿಸಿದೆ. ಬದಲಿಗೆ ಕೊಳವೆ, ಚೀಲ, ಕೊಕ್ಕೆಕೋಲನ್ನು ಮೇಜಿನ ಮೇಲಿಟ್ಟು ತೋರಿಸಿದೆವು.

ಆ ಹುಡುಗನಿಗೆ ಉತ್ತರ

ತಮ್ಮಾ, ಹಾವನ್ನು ಉಳಿಸಬೇಕೆಂಬ ನಿನ್ನ ಮನಸ್ಸು ದೊಡ್ಡದು. ಈಗ ಮೂರನೆಯ ಹಾವನ್ನು ಹಿಡಿಯಬೇಡ. ನೀನು ಹಿಡಿದ ಎರಡೂ ಕೇರೆಯಾಗಿದ್ದುದು ನಿನ್ನ ವಿದ್ಯೆಯೋ ಅದೃಷ್ಟವೋ ಎಂದು ನಿನ್ನನ್ನೇ ಕೇಳಿಕೋ.

ಇವತ್ತೇ ಮಾಡಬಹುದಾದ ಕೆಲಸ ನಿನಗೆ ಬೇಕಾದಷ್ಟಿದೆ. ಯಾರದೇ ಮನೆಯಲ್ಲಿ ಹಾವು ಬಂದರೆ ಮೊದಲು ಹೋಗಿ ನಿಲ್ಲುವವನು ನೀನಾಗು, ಆದರೆ ಹತ್ತಡಿ ದೂರದಲ್ಲಿ. ಮಕ್ಕಳನ್ನೂ ನಾಯಿಯನ್ನೂ ಹೊರಗೆ ಕಳಿಸು, ಬಡಿಗೆ ಹಿಡಿದವರನ್ನು ತಡೆ, ಹಾವು ಎಲ್ಲಿ ಹೋಯಿತೆಂದು ಕಣ್ಣಿಟ್ಟಿರು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆಮಾಡು. ಹೊರಗೆ ಹೋಗುವ ದಾರಿ ತೆರೆದಿದ್ದರೆ ಎಷ್ಟೋ ಸಲ ಹಾವು ತಾನೇ ಹೋಗುತ್ತದೆ. ನಿನ್ನ ಊರಿಗೆ ಹತ್ತಿರ ವಿಷಮದ್ದು ಎಲ್ಲಿ ಸಿಗುತ್ತದೆ, ರಾತ್ರಿ ಯಾರ ಮನೆಯಲ್ಲಿ ವಾಹನವಿದೆ ಎಂಬುದನ್ನು ಬರೆದು ಗೋಡೆಗೆ ಅಂಟಿಸು. ರಾಶಿಯ ಕಾಲದಲ್ಲಿ ಹೊರೆ ಎತ್ತುವ ಮೊದಲು ಕೋಲಿನಿಂದ ತಟ್ಟಲು, ಕತ್ತಲಲ್ಲಿ ಬ್ಯಾಟರಿ ಇಲ್ಲದೆ ನಡೆಯದಿರಲು, ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಕೊಳ್ಳಲು ಮನೆಮನೆಗೆ ಹೇಳು. ಹಾವು ಹಿಡಿಯುವುದಕ್ಕಿಂತ ಹೆಚ್ಚು ಜೀವ ಇದರಿಂದ ಉಳಿಯುತ್ತದೆ.

ಹದಿನೆಂಟು ತುಂಬಿದ ಮೇಲೂ ಆಸೆ ಉಳಿದಿದ್ದರೆ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ತರಬೇತಿಯ ಬಗ್ಗೆ ಕೇಳು. ಅನುಭವಿಗಳ ಹಿಂದೆ ಒಂದು ವರ್ಷ ಚೀಲ ಹೊತ್ತು ನಡೆ. ಅವರು ನಿನ್ನ ಕೈಗೆ ಕೊಕ್ಕೆಕೋಲು ಕೊಡುವ ದಿನ ಬಂದಾಗ ಸುತ್ತ ಮೊಬೈಲು ಇರದಂತೆ ನೋಡಿಕೋ.

ಕಲ್ಲಿನ ನಾಗರಕ್ಕೆ ಹಾಲೆರೆದು ಜೀವಂತ ನಾಗರವನ್ನು ಕೊಲ್ಲುವ ನಮ್ಮ ರೂಢಿಯನ್ನು ಬಸವಣ್ಣನವರು ಇದೇ ಕಲ್ಯಾಣದ ಕಾಲದಲ್ಲಿ ವಚನದಲ್ಲಿ ಎತ್ತಿ ತೋರಿಸಿದ್ದರು. ಪಂಚಮಿಯಲ್ಲಿ ಹುತ್ತಕ್ಕೆ ಹಾಲೆರೆಯುವ ನಮ್ಮ ತಾಯಂದಿರ ಭಕ್ತಿಗೆ ನಾನು ಅಡ್ಡಿ ಹೇಳುವವನಲ್ಲ. ಹಾವು ಹಾಲು ಕುಡಿದು ಬದುಕುವ ಪ್ರಾಣಿಯಲ್ಲ ಎಂಬುದನ್ನು ಮಾತ್ರ ಹೇಳಬೇಕು. ಹಾಲೂ ಬೇಡ, ಬಡಿಗೆಯೂ ಬೇಡ, ಬರಿಗೈಯೂ ಬೇಡ. ಹತ್ತಡಿ ಜಾಗ ಬಿಟ್ಟರೆ ಅದಕ್ಕೂ ಸಾಕು, ನಮಗೂ ಸಾಕು.

ಈ ವಿಷಯದಲ್ಲಿ ನಿಮ್ಮ ಅನುಭವ, ಸಂದೇಹಗಳಿದ್ದರೆ ಬರೆದು ತಿಳಿಸಿ. ಮುಂದಿನ ಮಳೆಗಾಲದ ಕಂತಿನಲ್ಲಿ ಪ್ರಶ್ನೆಗಳಿಗೆ ಐದು ನಿಮಿಷದ ಬದಲು ಹದಿನೈದು ನಿಮಿಷ ಇಟ್ಟಿದ್ದೇನೆ.